ಸಾಸಿವೆನಾಡಿನ ಹೆಬ್ಬೆರಳು

ಸಾಸಿವೆನಾಡು ಅಂತ ಒಂದು ದೇಶ. ನಕ್ಷೆ ಬರೆಯುವವನ ಕುಂಚದಿಂದ ಒಂದು ಹನಿ ಜಾರಿದರೆ ಪೂರ್ತಿ ಮುಚ್ಚಿಹೋಗುವಷ್ಟು ದೊಡ್ಡದು.

ಆ ದೇಶದ ಪ್ರತಿನಿಧಿ ಕೊಟ್ರಯ್ಯ ಒಂದು ದಿನ ಹೊಳೆದಂಡೆಯ ಆಶ್ರಮಕ್ಕೆ ಬಂದ. ಚಿಕ್ಕಂದಿನಲ್ಲಿ ಅವನು ಓದಿದ್ದು ಅಲ್ಲೇ. ತಲೆಗಿಂತ ದೊಡ್ಡ ರುಮಾಲು, ಕೈಯಲ್ಲಿ ಭಾಷಣದ ಹಾಳೆ.

"ಗುರುಗಳೇ, ನಾಳೆ ಎಲ್ಲ ದೇಶಗಳ ಮಹಾಸಭೆ. ಕಾವಲು ಸಭೆಯ ನಿಯಮ ಬದಲಾಯಿಸಬೇಕಾ ಬೇಡವಾ ಅಂತ ಕೈ ಎತ್ತಬೇಕು."

"ಯಾರೂ ಯಾರ ಮೇಲೂ ದಂಡೆತ್ತಿ ಹೋಗದ ಹಾಗೆ ನೋಡ್ಕೊಳ್ಳೋಕೆ ಅಂತ ಮಾಡಿದ್ರಲ್ಲ, ಆ ಸಭೆಯಾ?"

"ಅದೇ. ಐದು ದೊಡ್ಡ ದೇಶಗಳಿಗೆ ಖಾಯಂ ಕುರ್ಚಿ. ಐವರಲ್ಲಿ ಒಬ್ಬರು 'ನನಗೆ ಒಪ್ಪಿಗೆ ಇಲ್ಲ' ಅಂದರೂ ಸಾಕು, ತೀರ್ಮಾನ ಬಿದ್ದುಹೋಯ್ತು."

"ಈಗ ಏನು ಬದಲಾಗಬೇಕಂತೆ?"

"ಯಾರ ಮೇಲೆ ದೂರು ಇದೆಯೋ ಅವರು ಆ ಮಾತು ಹೇಳೋ ಹಾಗಿಲ್ಲ. ಸಣ್ಣ ದೇಶಗಳಿಗೂ ಕುರ್ಚಿ ಬೇಕು. ಇಷ್ಟೇ."

"ಹೋದ ಬೇಸಿಗೆಯಲ್ಲಿ ಆನೆನಾಡಿನ ದಂಡು ನಿಮ್ಮಲ್ಲಿಗೆ ನುಗ್ಗಿತ್ತಲ್ಲೋ?"

"ನುಗ್ಗಿತ್ತು. ನಲವತ್ತು ದಿನ ಇತ್ತು. ಹನ್ನೊಂದು ಮನೆ ಸುಟ್ಟರು. ನಾವು ಕಾವಲು ಸಭೆಗೆ ಹೋಗಿ ಅತ್ತೆವು. ನಾಲ್ವರು 'ದಂಡು ವಾಪಸ್ಸಾಗಲಿ' ಅಂದರು. ಐದನೆಯವರು ಒಪ್ಪಲಿಲ್ಲ."

"ಐದನೆಯವರು ಯಾರು?"

"ಆನೆನಾಡು."

ಗುರುಗಳ ಕಿವಿ ಕೆಂಪಗಾಯಿತು.

"ಮತ್ತೆ ದಂಡು ಹೋಗಿದ್ದು ಹೇಗೆ?"

"ನಮ್ಮ ತೋಪಿನ ಮಾವಿನಹಣ್ಣು ಮುಗೀತು. ಹೋದರು."

"ನಾಳೆ ಏನು ಹೇಳ್ತೀಯ?"

"ತಟಸ್ಥ ಅಂತೀನಿ. ಹೇಗೂ ಹೋದರಲ್ಲ, ಮತ್ತೆ ಯಾಕೆ ಕೆಣಕೋದು? ನಮಗೆ ಉಪ್ಪು ಬರೋದೂ ಅವರ ದಾರೀಲೇ."

"ಭಾಷಣ ಓದು, ಕೇಳೋಣ."

ಕೊಟ್ರಯ್ಯ ಗಂಟಲು ಸರಿಮಾಡಿಕೊಂಡ. "ಪರಮಪೂಜ್ಯರೂ ಮಹಾಮಹಿಮರೂ ಆದ..."

ಗುರುಗಳು ಎದ್ದು ಬಂದರು. ಬಂದವರೇ ಅವನ ಹೆಬ್ಬೆರಳಿನ ಮೇಲೆ ಕಾಲಿಟ್ಟು ನಿಂತರು. ಗುರುಗಳು ತೆಳ್ಳಗಿದ್ದರು ನಿಜ. ಆದರೆ ಪಾದುಕೆ ಹಲಸಿನ ಮರದ್ದು.

"ಗುರುಗಳೇ, ಕಾಲು!"

"ಯಾರದು?"

"ಕೆಳಗಿರೋದು ನಂದು!"

"ಹಾಗಾದರೆ ದೂರು ಕೊಡು. ಇಲ್ಲೂ ಒಂದು ಕಾವಲು ಸಭೆ ಇದೆ."

ಜಗಲಿಯ ಮೇಲೆ ನಾಲ್ವರು ಶಿಷ್ಯರು ಅಕ್ಕಿಯ ಕಲ್ಲು ಆರಿಸುತ್ತ ಕೂತಿದ್ದರು. ಗುರುಗಳು ಅವರತ್ತ ಕೈ ತೋರಿಸಿದರು. "ಇವರು ನಾಲ್ವರು, ನಾನೊಬ್ಬ. ಐದಾಯ್ತು. ಕಾಲು ತೆಗೀಲಿ ಅನ್ನೋರು ಕೈ ಎತ್ರಪ್ಪಾ."

ನಾಲ್ಕೂ ಕೈ ಎದ್ದವು.

"ಬಿಡಿ ಬುದ್ಧಿ, ಪಾಪ, ಅಣ್ಣನ ಬೆರಳು ಬದನೆಕಾಯಿ ಆಗ್ತಿದೆ" ಅಂದಳು ಶಿಷ್ಯೆ ಶಾಂತವ್ವ.

"ನನಗೆ ಒಪ್ಪಿಗೆ ಇಲ್ಲ" ಅಂದರು ಗುರುಗಳು. "ಓದಪ್ಪಾ ಮುಂದೆ."

"ತುಳಿಯೋರೂ ನೀವೇ, ತೀರ್ಪು ಹೇಳೋರೂ ನೀವೇ! ಇದ್ಯಾವ ಸೀಮೆ ನ್ಯಾಯ?"

"ಭಲೇ! ಇದು ಹಾಳೆಯಲ್ಲಿದೆಯಾ?"

ಕೊಟ್ರಯ್ಯ ಒಂಟಿಕಾಲಲ್ಲಿ ಕುಣಿಯುತ್ತ ಹಾಳೆ ನೋಡಿದ. "ತಾವು ಅನ್ಯಥಾ ಭಾವಿಸಬಾರದಾಗಿ ಕೋರಿ" ಅಂತಿತ್ತು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಗುರುಗಳು ಸರಕ್ಕನೆ ಕಾಲು ತೆಗೆದರು.

"ಅಬ್ಬಾ! ಮುಗೀತಲ್ಲ" ಅಂದ ಕೊಟ್ರಯ್ಯ.

"ಏನು ಮುಗೀತು? ನೀನು ಕೂಗಿದ್ದಕ್ಕೆ ತೆಗೆದೆನಾ?"

"ಇಲ್ಲ."

"ಇವರು ನಾಲ್ವರು ಕೈ ಎತ್ತಿದ್ದಕ್ಕಾ?"

"ಇಲ್ಲ. ಹುಳಿ ಆರಿಹೋಗುತ್ತೆ ಅಂತ ತೆಗೆದ್ರಿ."

ಹೇಳಿ ಕೊಟ್ರಯ್ಯ ಬೆರಳು ನೋಡಿಕೊಂಡ. "ಮಾವಿನಹಣ್ಣು" ಅಂತ ಗೊಣಗಿದ. 'ತಟಸ್ಥ' ಅನ್ನುವುದನ್ನು ಹಾಳೆ ಹರಿಯುವ ಹಾಗೆ ಗೀಚಿ ಹಾಕಿದ. ಕೆಳಗೆ ದಪ್ಪಕ್ಷರದಲ್ಲಿ ಬರೆದ: 'ನಿಯಮ ಬದಲಾಗಲೇಬೇಕು. ಸಾಸಿವೆನಾಡು ಕೈ ಎತ್ತುತ್ತದೆ.'

ಕುಂಟುತ್ತ ಬಾಗಿಲವರೆಗೆ ಹೋದವನು ತಿರುಗಿ ನಿಂತ.

"ಗುರುಗಳೇ, ನಮ್ಮದು ಒಂದೇ ಕೈ. ಅವರೆಲ್ಲ ನಕ್ಕುಬಿಟ್ಟರೆ?"

ಗುರುಗಳು ಅಡುಗೆಮನೆ ಕಡೆ ಹೊರಟಿದ್ದರು.

"ಬೇಗ ಹೋಗು. ಊಟ ಮುಗಿಸಿ ನಾನು ಮತ್ತೆ ಆ ಬೆರಳಿಗೇ ಬರ್ತೀನಿ."