ನೀರಗಂಟಿ ಗೆದ್ದ ಶಾಲೆ ದತ್ತಿ

“ಕೇಳ್ರಪ್ಪೋ ಕೇಳಿ. ಕಣಗಿಲೆಪುರದ ದೊರೆ ಚನ್ನರಸರ ಅಪ್ಪಣೆ. ಊರವರಾಗಿ ಬಾಳುವುದು ಹೇಗೆ ಅನ್ನೋ ವಿದ್ಯೆ ಕಲಿಸುವ ಶಾಲೆಗೆ ಏಳು ಹಳ್ಳಿಗಳ ಹುಟ್ಟುವಳಿ ದತ್ತಿ. ಬೇಕಾದವರು ಅರಮನೆಗೆ ಬಂದು ಮೂರು ಒಗಟು ಬಿಡಿಸಬೇಕು. ಬಿಡಿಸಿದರೆ ದತ್ತಿ, ತಪ್ಪಿದರೆ ತಲೆ.”

ಶಾಲೆಗೆ ದತ್ತಿ ಕೊಡುವವನಿಗೆ ತಲೆ ಯಾಕೆ ಬೇಕು ಅಂತ ಕೇಳಬೇಡಿ. ದೊರೆಗಳ ಗುಣವೇ ಅಷ್ಟು, ಒಂದು ಕೈಯಲ್ಲಿ ಕೊಡುತ್ತಾ ಇನ್ನೊಂದರಲ್ಲಿ ಹೆದರಿಸುತ್ತಾರೆ. ಆ ನಾಡಿನ ಜನವೂ ಸಾಮಾನ್ಯರಲ್ಲ. ಬೀದಿಗೆ ಕಲ್ಲು ಉರುಳಿದರೂ ಎತ್ತಿಡದೆ ಅರಮನೆಗೆ ಅರ್ಜಿ ಒಯ್ಯುತ್ತಿದ್ದರು. ಅರ್ಜಿ ಓದಿ ಓದಿ ಸಾಕಾದ ಮೇಲೆ ಚನ್ನರಸನಿಗೆ ಶಾಲೆಯ ಯೋಚನೆ ಬಂತು. ಒಗಟು ಕಟ್ಟಿದವಳು ಅವನ ತಾಯಿ ಮುದ್ದಾಜಮ್ಮಣ್ಣಿ. ತಲೆದಂಡ ಸೇರಿಸಿದವನು ಮಾತ್ರ ಅವನೇ. ಭಯವಿಲ್ಲದಿದ್ದರೆ ಕಂಡಕಂಡವರೆಲ್ಲ ಬಂದು ಕೈಯೊಡ್ಡುತ್ತಾರೆ ಅಂತ ಅವನ ಎಣಿಕೆ.

ಡಂಗುರ ಕೇಳಿ ಹೊರಟವರಲ್ಲಿ ಸಣ್ಣೀರನೂ ಒಬ್ಬ. ಅವನು ಹಾಲಗೆರೆಯ ನೀರಗಂಟಿ, ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚುವವನು. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ಬಿಡುತ್ತಿದ್ದ. ಅದು ತುಂಬಿ ಮುಳುಗಿದಾಗ ಒಬ್ಬನ ಗದ್ದೆಗೆ ನೀರು ನಿಲ್ಲಿಸಿ ಪಕ್ಕದವನಿಗೆ ತಿರುಗಿಸುತ್ತಿದ್ದ. ಗೌಡನಿಗೂ ಒಂದೇ ಬಟ್ಟಲು, ಗಂಡ ಸತ್ತವಳಿಗೂ ಒಂದೇ ಬಟ್ಟಲು. ಬಿಡುವಾದಾಗ ಕೆರೆ ಏರಿಯ ಮೇಲೆ ಊರಿನ ಹದಿನೆಂಟು ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದ. ಜೊತೆಗೆ ಹೂಳೆತ್ತುವುದು, ಜಗಳ ಬಿಡಿಸುವುದು, ಪಂಚಾಯ್ತಿಯಲ್ಲಿ ಎದ್ದು ನಿಂತು ಮಾತಾಡುವುದು, ಇದೆಲ್ಲ ಅವನ ಪಾಠವೇ. ಸೂರಿಲ್ಲದ ಶಾಲೆ, ಮಳೆ ಹಿಡಿದರೆ ಬಂದ್. ದತ್ತಿ ಸಿಕ್ಕರೆ ಸೂರಾಗುತ್ತದೆ ಅಂತ ತಲೆಯನ್ನೇ ಪಣಕ್ಕಿಟ್ಟು ಹೊರಟ. ಹೆದರಲಿಲ್ಲ ಅಂದರೆ ಸುಳ್ಳಾಗುತ್ತದೆ, ದಾರಿಯುದ್ದಕ್ಕೂ ಅವನ ಕೈ ಕತ್ತಿನ ಮೇಲೇ ಇತ್ತು.

ಅರಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುದ್ದಾಜಮ್ಮಣ್ಣಿ ಮೊದಲ ಒಗಟು ಕೇಳಿದಳು. “ಎಲ್ಲರ ಬಾಗಿಲಿಗೂ ಬರುತ್ತದೆ, ಯಾರ ಬಾಗಿಲಲ್ಲೂ ನಿಲ್ಲುವುದಿಲ್ಲ. ಬಡವನಿಗೂ ಬಲ್ಲಿದನಿಗೂ ಒಂದೇ ಅಳತೆ. ಕಾದವನು ಒಡೆಯ, ಕಿತ್ತುಕೊಂಡವನು ಕಳ್ಳ. ಏನದು?”

ಮೊದಲು ನಿಂತವರು ಅನಂತಾವಧಾನಿಗಳು, ಶಾಸ್ತ್ರಗಳನ್ನು ಅರೆದು ಕುಡಿದವರು. “ಸಾವು ತಾಯಿ,” ಅಂದರು.

“ಸಾವಿಗೆ ಕಾದು ಒಡೆಯನಾದವನು ಯಾರಿದ್ದಾನೆ, ತೋರಿಸಿ,” ಅಂದಳು ಮುದುಕಿ.

ಅವಧಾನಿಗಳು ಶ್ಲೋಕ ಹುಡುಕತೊಡಗಿದರು. ಅವರನ್ನು ಕಂಬಕ್ಕೆ ಕಟ್ಟಿದರು.

ಅವರ ಹಿಂದೆ ನಿಂತಿದ್ದವನು ಸಣ್ಣೀರ. ಅವನು ಹೆಜ್ಜೆ ಇಡುವಷ್ಟರಲ್ಲಿ ಸಾಹುಕಾರರ ಮಗ ಭುಜಂಗರಾಯ ತಳ್ಳಿಕೊಂಡು ಮುಂದೆ ಬಂದ.

“ಈಗ ನಾನು ನಿಲ್ಲಬೇಕು ಸ್ವಾಮಿ,” ಅಂದ ಸಣ್ಣೀರ.

“ನೀರು ಬಿಡೋನಿಗೆ ಏನಯ್ಯಾ ಅವಸರ? ಆಮೇಲೆ ಬಾ,” ಅಂದ ಭುಜಂಗರಾಯ. ಮುದುಕಿಯ ಕಡೆ ತಿರುಗಿ, “ಅದೃಷ್ಟ,” ಅಂದ.

“ಅದೃಷ್ಟಕ್ಕೆ ಒಂದೇ ಅಳತೆ ಎಲ್ಲಿದೆಯಪ್ಪ? ಇದ್ದಿದ್ದರೆ ನಿಮ್ಮಪ್ಪನೊಬ್ಬನೇ ಯಾಕೆ ಸಾಹುಕಾರ ಆಗ್ತಿದ್ದ?”

ಅವನನ್ನೂ ಕಟ್ಟಿದರು. ಸಾಲಿನಲ್ಲಿದ್ದ ಉಳಿದವರಿಗೆಲ್ಲ ಮನೆಯಲ್ಲಿ ಏನೋ ಕೆಲಸ ನೆನಪಾಗಿ ಒಬ್ಬೊಬ್ಬರೇ ಜಾರಿಕೊಂಡರು.

ಸಣ್ಣೀರನಿಗೂ ಜಾರಬೇಕು ಅನ್ನಿಸಿತು. ಆದರೆ ತಳ್ಳಿಸಿಕೊಂಡ ಭುಜ ಇನ್ನೂ ನೋಯುತ್ತಿತ್ತು, ಆ ನೋವೇ ಉತ್ತರ ಹೇಳಿಕೊಟ್ಟಿತು.

“ಸರದಿ, ತಾಯಿ. ಬಟ್ಟಲು ಮುಳುಗಿದ ಕೂಡಲೇ ಮುಂದಿನ ಗದ್ದೆಗೆ ಹೋಗುತ್ತೆ. ಕಾದವನಿಗೆ ಆ ಹೊತ್ತಿನ ನೀರೆಲ್ಲ ಅವನದೇ. ಈಗ ತಾನೆ ಒಬ್ಬರು ನನ್ನದನ್ನ ಕಿತ್ಕೊಂಡರು.”

ಮುದುಕಿ ನಕ್ಕಳು. “ಎರಡನೆಯದು ಕೇಳು. ಬಳಸುವಾಗ ಸಾವಿರ ಒಡೆಯರು, ಬಿರುಕು ಬಿಟ್ಟಾಗ ಒಬ್ಬನೂ ಇಲ್ಲ. ಅದು ಹೋದ ದಿನ ಎಲ್ಲರೂ ಹೋದರು.”

“ಕೆರೆ ಏರಿ. ಊರೊಟ್ಟಿನದೆಲ್ಲ ಹಂಗೇ ತಾಯಿ. ನಮ್ಮೂರಲ್ಲಿ ವರ್ಷಕ್ಕೊಮ್ಮೆ ಮನೆಗೊಬ್ಬಾಳು ಬಂದು ಮಣ್ಣು ಹಾಕ್ತೀವಿ, ಅದಕ್ಕೇ ಊರು ಉಳಿದಿದೆ.”

“ಸರಿ. ಮೂರನೆಯದು. ಹಾಲು ಕುಡಿಯೋ ಕೂಸೂ ಬಲ್ಲದ್ದು, ಬೆಳೆದಂತೆ ಮರೆತುಹೋಗುತ್ತದೆ. ದೊರೆಯ ಮುಂದೆ ಒಬ್ಬ ಆಡಿದರೆ ತಲೆ ಹೋಗುತ್ತದೆ, ಊರೇ ಆಡಿದರೆ ಕಟ್ಟಳೆಯಾಗುತ್ತದೆ.”

ಸಣ್ಣೀರನಿಗೆ ಹೊಳೆಯಲಿಲ್ಲ. ಅಮ್ಮ ಅನ್ನೋಣವೆಂದರೆ ಅದಕ್ಕೆ ಯಾರೂ ತಲೆ ತೆಗೆಯುವುದಿಲ್ಲ. ಸತ್ಯ ಅನ್ನೋಣವೆಂದರೆ ಕೂಸಿಗೆ ಅದೇನು ಗೊತ್ತು? ಊರಿನ ಮಕ್ಕಳ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು.

ಚನ್ನರಸನಿಗೆ ಊಟದ ಹೊತ್ತು ಮೀರಿತ್ತು. ಕತ್ತಿ ಹಿಡಿದು ನಿಂತವನ ಕಡೆ ತಿರುಗಿ, “ಇವನು ಯೋಚಿಸುತ್ತಿರಲಿ. ಅಷ್ಟರಲ್ಲಿ ಅವರಿಬ್ಬರನ್ನು ಮುಗಿಸು,” ಅಂದ.

“ಬೇಡ, ಬುದ್ಧಿ,” ಅಂದ ಸಣ್ಣೀರ. ಯೋಚಿಸಿ ಆಡಿದ್ದಲ್ಲ, ಬಾಯಿಂದ ಬಂದುಬಿಟ್ಟಿತ್ತು.

“ಏನಂದೆ?”

ಆಡಿದ ಮಾತನ್ನು ನುಂಗಿಕೊಳ್ಳಲು ಸಣ್ಣೀರನ ಮನಸ್ಸು ಒಪ್ಪಲಿಲ್ಲ. “ಒಗಟು ತಪ್ಪಿದ್ದಕ್ಕೆ ಜೀವ ತೆಗೀಬಾರದು. ಬೇಡ.”

“ಹಾಗಾದರೆ ಮೂರನೆಯ ತಲೆ ನಿನ್ನದು,” ಅಂದ ದೊರೆ.

ಆಗ ಹುಲ್ಲು ಮಾರಲು ಬಂದಿದ್ದ ಹೆಂಗಸೊಬ್ಬಳು ಹೊರೆ ಇಳಿಸಿ, “ಬೇಡ ಬುದ್ಧಿ,” ಅಂದಳು. ಪಕ್ಕದಲ್ಲಿದ್ದ ಅಗಸ ಅಂದ. ಅವನ ಹಿಂದಿನವರು ಅಂದರು. ನೋಡನೋಡುತ್ತಾ ಅಂಗಳಕ್ಕೆ ಅಂಗಳವೇ ಅಂದಿತು. ಕತ್ತಿಯವನೂ ಕತ್ತಿಯನ್ನು ನೆಲಕ್ಕಿಟ್ಟು ಮೆಲ್ಲಗೆ ಅದನ್ನೇ ಅಂದ.

ಚನ್ನರಸ ತಾಯಿಯ ಮುಖ ನೋಡಿದ.

“ಉತ್ತರ ಬಂತಲ್ಲ ಮಗಾ,” ಅಂದಳು ಮುದ್ದಾಜಮ್ಮಣ್ಣಿ. “ಬೇಡ ಅನ್ನೋದನ್ನ ಕೂಸಿಗೆ ಯಾರೂ ಕಲಿಸಬೇಕಾಗಿಲ್ಲ, ಹೊಟ್ಟೆ ತುಂಬಿದರೆ ಮುಖ ತಿರುಗಿಸುತ್ತೆ. ಒಬ್ಬ ಅಂದಾಗ ಅವನ ತಲೆ ಕೇಳಿದೆ. ಈಗ ಊರೇ ಅಂದಿದೆ, ಏನು ಮಾಡ್ತೀಯ?”

ಎಷ್ಟು ತಲೆ ಅಂತ ಕಡಿಸಿಯಾನು? ಇಬ್ಬರನ್ನೂ ಬಿಚ್ಚಿಸಿದ. ಒಗಟಿಗೆ ತಲೆದಂಡ ಇನ್ನಿಲ್ಲ ಅಂತ ಅಲ್ಲೇ ಕಟ್ಟಳೆಯಾಯಿತು. ಸಣ್ಣೀರನ ಹೆಸರಿಗೆ ದತ್ತಿಪತ್ರ ಬರೆಸಿ, ಮುದ್ರೆ ಕೈಗೆತ್ತಿಕೊಂಡ.

ತಾಯಿ ಅವನ ಕೈ ಹಿಡಿದಳು. “ಇವನ ಶಾಲೆಯಲ್ಲಿ ಕಲಿತವರು ನಾಳೆ ನಿನ್ನೆದುರು ನಿಂತು ಹೀಗೇ ಮಾತಾಡ್ತಾರೆ. ನಿನ್ನ ಮಗನೆದುರೂ ಮಾತಾಡ್ತಾರೆ. ಅದಕ್ಕೆ ನಿನ್ನ ಕೈಯಾರೆ ದತ್ತಿ ಕೊಡ್ತಿದ್ದೀಯ, ತಿಳೀತಾ?”

ಚನ್ನರಸನಿಗೆ ಚೆನ್ನಾಗಿಯೇ ತಿಳಿದಿತ್ತು. ಸಣ್ಣೀರನನ್ನೊಮ್ಮೆ ನೋಡಿದ, ಅಂಗಳದ ಜನರನ್ನೊಮ್ಮೆ ನೋಡಿದ. ಆಮೇಲೆ ಮುದ್ರೆ ಒತ್ತಿದ.