ಅಂಬಿಗನು ಬೇಡವೆಂದ ಬಗೆ

"ಗುರುಗಳೇ, ಒಬ್ಬನು ಆಡಿದ ಮಾತನ್ನು ಇನ್ನೊಬ್ಬನು ಬೇರೆಯಾಗಿ ತಿಳಿದರೆ ತಪ್ಪು ಯಾರದು? ಆಡಿದವನದೋ, ಕೇಳಿದವನದೋ?" ಎಂದು ಚೆನ್ನವೀರನೆಂಬ ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಬೆಟ್ಟಗಳಾಚೆ ಒಂದು ನಾಡಿತ್ತು. ಅಲ್ಲಿ ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ಬೇಡವೆಂದವನ ಮೇಲೆ ಯಾರೂ ಮುನಿಯುತ್ತಿರಲಿಲ್ಲ. ಆ ನಾಡಿನ ಒಬ್ಬ ವರ್ತಕನು ತನ್ನ ತಮ್ಮನೊಡನೆ ಒಂದು ಹೊಳೆಯ ದಂಡೆಗೆ ಬಂದನು. ಮರುದಿನ ಆಚೆ ದಡದ ಊರಿನಲ್ಲಿ ಅವನ ಮಗಳ ಮದುವೆಯ ಮಾತುಕತೆಯಿತ್ತು. ಮೇಲೆಲ್ಲೋ ಮಳೆಯಾಗಿ ಹೊಳೆಯ ನೀರು ಕೆಂಪಾಗಿತ್ತು.

ದಂಡೆಯಲ್ಲಿ ಒಬ್ಬ ಅಂಬಿಗನಿದ್ದನು. ಅವನ ಊರಿನಲ್ಲಿ ಬಂದವರ ಮುಖಕ್ಕೆ ಹೊಡೆದಂತೆ ಇಲ್ಲವೆನ್ನುವ ವಾಡಿಕೆ ಇರಲಿಲ್ಲ.

"ಈಗ ದಾಟಬಹುದೇನಪ್ಪಾ?" ಎಂದು ವರ್ತಕನು ಕೇಳಿದನು.

ಅಂಬಿಗನು ಹೊಳೆಯ ಕಡೆಗೆ ನೋಡಿದನು. "ನಮ್ಮ ಮನೆ ಇಲ್ಲೇ ಇದೆ ಸ್ವಾಮಿ. ಊಟ ಮಾಡಿ, ಒಂದು ರಾತ್ರಿ ಇದ್ದು ಹೋಗಬಹುದಲ್ಲ."

"ಊಟ ಆಗಿದೆ. ದಾಟಬಹುದೋ ಇಲ್ಲವೋ ಹೇಳು."

"ಅದು ನಿಮ್ಮ ಇಷ್ಟ ಸ್ವಾಮಿ."

ಅಡ್ಡಿಯಿಲ್ಲವೆಂದು ತಿಳಿದು ವರ್ತಕನು ತಮ್ಮನನ್ನು ಕರೆದುಕೊಂಡು ದೋಣಿ ಹತ್ತಿದನು. ಹತ್ತಿ ಕುಳಿತವರನ್ನು ಇಳಿಯಿರಿ ಎನ್ನಲಾರದೆ ಅಂಬಿಗನು ಹುಟ್ಟು ಹಿಡಿದನು.

ನಡುಹೊಳೆಯಲ್ಲಿ ದೋಣಿ ಮಗುಚಿತು. ಅಂಬಿಗನು ವರ್ತಕನ ಜುಟ್ಟು ಹಿಡಿದು ದಡಕ್ಕೆ ಎಳೆದನು. ತಮ್ಮನಿಗಾಗಿ ಮತ್ತೆ ಎರಡು ಸಲ ನೀರಿಗೆ ಧುಮುಕಿದನು. ತಮ್ಮನು ಸಿಗಲಿಲ್ಲ. ಮೂರನೆಯ ದಿನ ಕೆಳಗಿನ ಊರಿನವರು ಹೆಣವನ್ನು ಹೊತ್ತು ತಂದರು.

ವರ್ತಕನು ಊರ ಚಾವಡಿಯಲ್ಲಿ ದೂರು ಕೊಟ್ಟನು. ಅಪಾಯವಿದೆಯೆಂದು ಈತ ಒಂದು ಮಾತೂ ಹೇಳಲಿಲ್ಲ ಎಂದನು. ಎರಡು ಸಲ ಬೇಡವೆಂದೆ, ಇವರು ಕೇಳಲಿಲ್ಲ ಎಂದು ಅಂಬಿಗನು ಅತ್ತನು. ವರ್ತಕನಿಗೆ ಸಿಟ್ಟು ಬಂದು, ಅಂಬಿಗನು ಆಡಿದ್ದನ್ನೆಲ್ಲ ಒಂದಕ್ಷರ ಬಿಡದೆ ಹಿರಿಯರ ಮುಂದೆ ಒಪ್ಪಿಸಿದನು. ಕೇಳಿದವರೆಲ್ಲ ತಲೆಯಾಡಿಸಿದರು. "ಬೇಡವೆಂದೇ ಹೇಳಿದ್ದಾನಲ್ಲ. ನಿಮ್ಮ ಇಷ್ಟ ಅಂದಮೇಲೆ ಇನ್ನೇನು ಉಳಿಯಿತು?" ಎಂದರು.

ವರ್ತಕನು ಒಬ್ಬೊಬ್ಬರ ಮುಖವನ್ನೂ ನೋಡಿದನು. ಯಾರೂ ಸುಳ್ಳಾಡುತ್ತಿರಲಿಲ್ಲ. ಅವನು ತೀರ್ಪಿಗೆ ಕಾಯದೆ ಎದ್ದುಹೋದನು.

ಮುಂದೆ ಬೇಸಗೆಯಲ್ಲಿ ಮಗಳ ಮದುವೆಯಾಯಿತು. ಮರುವರ್ಷ, ಬಸುರಿಯಾದ ಮಗಳನ್ನು ನೋಡಲೆಂದು ವರ್ತಕನು ಅದೇ ದಂಡೆಗೆ ಬಂದನು. ಹೊಳೆ ತುಂಬಿತ್ತು. ಅದೇ ಅಂಬಿಗನು ತನ್ನ ಮಗನೊಡನೆ ಹೊಸ ದೋಣಿಯ ಪಕ್ಕದಲ್ಲಿ ನಿಂತಿದ್ದನು.

ವರ್ತಕನು ಅವನ ಹತ್ತಿರ ಹೋಗಿ, "ಈ ನೀರಿನಲ್ಲಿ ನಿನ್ನ ಮಗನನ್ನು ದಾಟಿಸುವೆಯಾ?" ಎಂದು ಕೇಳಿದನು.

ಅಂಬಿಗನು ಹೊಳೆಯ ಕಡೆಗೆ ನೋಡಿದನು. ಬಂದವರಾರಿಗೂ ಎಂದೂ ಆಡದ ಮಾತನ್ನು ಆಡಿದನು. "ಇಲ್ಲ. ನಿಮ್ಮನ್ನೂ ದಾಟಿಸುವುದಿಲ್ಲ" ಎಂದನು.

ವರ್ತಕನು ಅಂಬಿಗನ ಮನೆಯಲ್ಲಿ ಎರಡು ದಿನ ಉಂಡು, ಮಲಗಿ, ನೀರು ಇಳಿದ ಮೇಲೆ ದಾಟಿಹೋದನು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಚೆನ್ನವೀರನು, "ಆದರೆ ತಪ್ಪು ಯಾರದೆಂದು ತಾವು ಹೇಳಲೇ ಇಲ್ಲ" ಎಂದನು.

"ಮುಳುಗಿಸುವ ಮೊದಲು ಹೊಳೆಯೂ ಅದನ್ನು ವಿಚಾರಿಸಲಿಲ್ಲ" ಎಂದರು ಗುರುಗಳು.