ಒಣಗಿದ ತಟ್ಟೆ

“ಗುರುಗಳೇ, ಪಂಕ್ತಿ ಎದ್ದ ಮೇಲೆ ಊಟಕ್ಕೆ ಬರುವವನು ತನ್ನ ತಟ್ಟೆಯನ್ನು ತಾನೇ ತೊಳೆದುಕೊಳ್ಳಬೇಕು ಎಂದು ನಿಯಮ ಮಾಡಬಹುದೇ?”

ಕೇಳಿದವನು ಮಠದಲ್ಲಿ ಪಾತ್ರೆ ತೊಳೆಯುವ ಹೊಣೆ ಹೊತ್ತಿದ್ದ ಶಿಷ್ಯ. ಕೆಲಸದಲ್ಲಿ ಚೊಕ್ಕ. ಒಂದು ಚೊಂಬು ನೀರನ್ನಾಗಲಿ ಒಂದು ತುಂಡು ಸೌದೆಯನ್ನಾಗಲಿ ಹಾಳುಮಾಡಿದವನಲ್ಲ. ಈಚೆಗೆ ತಿರುಕಪ್ಪ ಎಂಬ ಇನ್ನೊಬ್ಬ ಶಿಷ್ಯ ಎಲ್ಲರೂ ಉಂಡೆದ್ದ ಮೇಲೆ ಒಬ್ಬನೇ ಬಂದು ಉಣ್ಣುತ್ತಿದ್ದ. ಅವನೊಬ್ಬನ ತಟ್ಟೆಗಾಗಿ ಮತ್ತೆ ಒಲೆ ಹೊತ್ತಿಸಿ ನೀರು ಕಾಯಿಸಬೇಕಾಗಿದೆ ಎಂಬುದು ದೂರು.

“ಎಂದಿನಿಂದ ಹೀಗೆ?” ಎಂದು ಗುರುಗಳು ಕೇಳಿದರು.

“ಹುಣ್ಣಿಮೆಯಿಂದ.”

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಒಂದೆಳೆ ಹೆಚ್ಚುಕಮ್ಮಿಯಾದರೂ ಸಹಿಸದವನು. ಮನೆಯಲ್ಲಿ ಅವನ ತಾಯಿ, ಹೆಂಡತಿ, ಅವನ ಜೊತೆಯಲ್ಲೇ ನೇಯುವ ತಮ್ಮ. ಒಂದು ಬೇಸಗೆಯಲ್ಲಿ ಬಾವಿಯ ನೀರು ತಳ ಕಂಡಿತು. ಮನೆಗೆ ಇಷ್ಟೇ ಕೊಡ ಎಂದು ಊರವರು ಗೊತ್ತುಮಾಡಿದರು. ಕುಡಿಯಲು, ಅಡುಗೆಗೆ ತೆಗೆದಿಟ್ಟು ಉಳಿಯುತ್ತಿದ್ದುದು ಎರಡು ಕೊಡ. ಎರಡೂ ಪಾತ್ರೆಗೇ ಹೋಗುತ್ತಿದ್ದವು. ತಾಯಿಗೆ ಕೀಲುನೋವು. ಒಂದು ಕೊಡ ಬಿಸಿನೀರು ಮೈಮೇಲೆ ಬಿದ್ದರೆ ಮಾತ್ರ ನಿದ್ದೆ ಬರುತ್ತಿತ್ತು. ಈಗ ಅವಳು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದಳು. ಈ ಮನೆಯಲ್ಲಿ ನನಗಿಂತ ಸಾರಿನ ಪಾತ್ರೆಗೆ ಮರ್ಯಾದೆ ಹೆಚ್ಚು ಎಂದು ನಗುತ್ತಿದ್ದಳು.

ಆ ನಗು ನೇಕಾರನಿಗೆ ಚುಚ್ಚಿತು. ಪಾತ್ರೆಯ ನೀರನ್ನು ಒಂದೇ ಕೊಡಕ್ಕೆ ಇಳಿಸುತ್ತೇನೆ ಎಂದು ಹೊರಟ. ಹೆಂಡತಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕ್ರಮ ಗೊತ್ತುಮಾಡಿದ. ನೀರು ಮುಟ್ಟುವ ಮೊದಲು ಬೂದಿ ಹಾಕಿ ನಾರಿನಿಂದ ಉಜ್ಜಬೇಕು. ಒಂದು ಬೋಗುಣಿಯಲ್ಲಿ ತೊಳೆದು ಇನ್ನೊಂದರಲ್ಲಿ ಅದ್ದಿ ತೆಗೆಯಬೇಕು. ಲೋಟ ಮೊದಲು, ಜಿಡ್ಡಿನದು ಕೊನೆಗೆ. ಬೆಳಗ್ಗೆ ಅದ್ದಿದ ನೀರೇ ಮಧ್ಯಾಹ್ನ ತೊಳೆಯುವ ನೀರು. ಕಾಯಿಸಲು ಬೇರೆ ಸೌದೆ ಬೇಡ. ಅಡುಗೆಯ ಬೆಂಕಿಯ ಬಿಸಿಯೇ ಪಕ್ಕದ ಕೋಡೊಲೆಗೆ ಹಾಯುತ್ತದೆ, ಅದರ ಮೇಲಿಟ್ಟರೆ ಸಾಕು. ಅವಳು ಹೇಳಿದಂತೆಯೇ ಮಾಡಿದಳು. ಎರಡು ಕೊಡ ಒಂದೂವರೆಗೆ ಬಂತು. ಅಲ್ಲಿಗೆ ನಿಂತಿತು. ಅರ್ಧ ಕೊಡದಲ್ಲಿ ತಾಯಿಯ ಮೊಣಕಾಲು ಕೂಡ ನೆನೆಯುವುದಿಲ್ಲ.

ಒಂದು ದಿನ ಅವನು ಮಗ್ಗ ಬಿಟ್ಟು ಬಂದು ಇಡೀ ಮಧ್ಯಾಹ್ನ ನೋಡುತ್ತಾ ಕೂತ. ಎಲ್ಲ ಪಾತ್ರೆ ತೊಳೆದಾಯಿತು. ಹೊತ್ತು ಇಳಿದ ಮೇಲೆ ತಮ್ಮ ಬಂದು ಒಬ್ಬನೇ ಉಂಡು ಹೋದ. ಅವನಿಗೆಂದು ಎತ್ತಿಟ್ಟಿದ್ದ ಅನ್ನ ಗಟ್ಟಿಯಾಗಿ ತಪ್ಪಲೆಗೆ ಹಿಡಿದಿತ್ತು. ಮತ್ತೆ ಬಿಸಿ ಮಾಡಿದ ಸಾರು ತಳ ಹತ್ತಿತ್ತು. ತಟ್ಟೆ ತೊಳೆಯುವಷ್ಟರಲ್ಲಿ ಒಣಗಿತ್ತು. ಇದಕ್ಕೆಲ್ಲ ಬೇರೆ ಬೆಂಕಿ, ಬೇರೆ ನೀರು.

ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಹೆಂಡತಿಯನ್ನು ಕೇಳಿದ.

“ನೀವು ನೀರಿನ ವಿಷಯ ಕೇಳಿದಿರಿ. ಅವನ ವಿಷಯ ಕೇಳಲಿಲ್ಲವಲ್ಲ” ಎಂದಳು.

ಹದಿನೈದು ದಿನದ ಹಿಂದೆ ತಮ್ಮ ನೇಯ್ದ ಸೀರೆಯ ಅಂಚಿನಲ್ಲಿ ಎರಡು ಎಳೆ ತಪ್ಪಿದ್ದವು. ನೇಕಾರ ಅದನ್ನು ಕೇರಿಯವರ ಎದುರಿಗೇ ಬಿಚ್ಚಿಸಿದ್ದ. ಅಂದಿನಿಂದ ತಮ್ಮ ಅವನ ಎದುರು ಊಟಕ್ಕೆ ಕೂತಿರಲಿಲ್ಲ.

ಮರುದಿನ ಊಟದ ಹೊತ್ತಿಗೆ ನೇಕಾರ ತಮ್ಮನ ಮಗ್ಗದ ಬಳಿ ಹೋಗಿ ನಿಂತ. ತಮ್ಮ ತಲೆ ಎತ್ತದೆ ಹಸಿವಿಲ್ಲ ಎಂದ. ನೀನು ತಡವಾಗಿ ಉಂಡರೆ ಅವ್ವನ ಸ್ನಾನಕ್ಕೆ ನೀರು ಉಳಿಯುವುದಿಲ್ಲ ಎಂದು ನೇಕಾರ ವಿವರಿಸಿದ.

“ಹಾಗಾದರೆ ನೀನು ನೀರು ಉಳಿಸೋಕೆ ಬಂದಿದ್ದೀಯ ಅಣ್ಣ. ನನ್ನನ್ನು ಕರೆಯೋಕಲ್ಲ.”

ನೇಕಾರ ತಮ್ಮನ ಕೈಯಿಂದ ಲಾಳಿಯನ್ನು ತೆಗೆದು ಬದಿಗಿಟ್ಟ. ಆಮೇಲೆ ಹೇಳಿದ: “ಅಂಚು ಬಿಚ್ಚಿಸಿದ್ದು ಸರಿ. ನಾಲ್ಕು ಜನರ ಎದುರು ಬಿಚ್ಚಿಸಿದ್ದು ತಪ್ಪು. ಏಳು, ನೀನು ಬರದೆ ನನಗೂ ಊಟ ಸೇರುತ್ತಿಲ್ಲ.”

ತಮ್ಮ ಮಗ್ಗದಿಂದ ಇಳಿದ. ನಾಲ್ವರೂ ಒಟ್ಟಿಗೆ ಉಂಡರು. ತಟ್ಟೆಗಳು ಹಸಿಯಿರುವಾಗಲೇ ತೊಳೆದಾಯಿತು. ಒಂದು ಕೊಡ ಸಾಕಾಯಿತು. ಇನ್ನೊಂದು ಕೊಡ ಕೋಡೊಲೆಯ ಮೇಲೆ ಕಾದಿತು. ಅಂದು ಬೆನ್ನಿಗೆ ನೀರು ಹುಯ್ದ ಸೊಸೆಗೆ ತಾಯಿ, ನನ್ನ ಮಗ ಬುದ್ಧಿವಂತ, ಆದರೆ ಸ್ವಲ್ಪ ನಿಧಾನ ಎಂದಳಂತೆ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. ಹಾಗಾದರೆ ನಿಯಮ ಬದಲಿಸುತ್ತೇನೆ, ಎಲ್ಲರೂ ಒಂದೇ ಹೊತ್ತಿಗೆ ಉಣ್ಣಬೇಕು ಎಂದು ತಿರುಕಪ್ಪನಿಗೆ ಹೇಳಿಬಿಡುತ್ತೇನೆ ಎಂದು ಎದ್ದ.

ಗುರುಗಳು ಅವನ ಕೈ ಹಿಡಿದು ಮೆಲ್ಲಗೆ ಕೇಳಿದರು:

“ಹುಣ್ಣಿಮೆಯ ದಿನ ಪಂಕ್ತಿಯಲ್ಲಿ ಎಲ್ಲರ ಎದುರು ನೀನು ಅವನಿಗೆ ಏನು ಹೇಳಿದೆ, ಮಗು?”